ಮಾವನ ಕ್ಷೇತ್ರ ಮಹಾತ್ಮೆ

ಬ್ರಿಟನ್ನಿನಲ್ಲಿ ಆರುನೂರೈವತ್ತು ಪಾರ್ಲಿಮೆಂಟ್ ಕ್ಷೇತ್ರಗಳಿವೆ. ಅವುಗಳಲ್ಲಿ ಒಂದನ್ನು ಅಲ್ಲಿಯ ಎಂ.ಪಿ.ಗಿಂತ ಚೆನ್ನಾಗಿ ಬಲ್ಲವರು ಯಾರು? ಮಸ್ಕತ್ತಿನ ಹಮ್ರಿಯಾದಲ್ಲಿ, ಬಟ್ಟೆ ಅಂಗಡಿಯೊಂದರ ಮೇಲೆ ಮೂರನೇ ಮಹಡಿಯಲ್ಲಿ, ಲುಂಗಿ ಉಟ್ಟು ಕೂತಿರುವ ನನ್ನ ಸೋದರಮಾವ! ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ತನ್ನ ಕ್ಷೇತ್ರದಲ್ಲಿ ಕಾರಿಲ್ಲದ ಮನೆಗಳು ಯಾವ ಬೀದಿಗಳಲ್ಲಿ ಹೆಚ್ಚು ಎಂದು ಆ ಎಂ.ಪಿ.ಯನ್ನು ಕೇಳಿದರೆ ಅವರು ತಲೆ ಕೆರೆದುಕೊಂಡಾರು. ಮಾವ ಕೆರೆದುಕೊಳ್ಳುವುದಿಲ್ಲ. ಮಾವನ ತಲೆಯಲ್ಲಿ ಕೆರೆದುಕೊಳ್ಳಲು ಕೂದಲೂ ಇಲ್ಲ, ಜಾಗವೂ ಇಲ್ಲ. ಪೂರ್ತಿ ಆ ಕ್ಷೇತ್ರವೇ ತುಂಬಿಕೊಂಡಿದೆ.

ಹಾಗಂತ ಮಾವ ಬ್ರಿಟನ್ನಿಗೆ ಹೋದವರೇ? ಇಲ್ಲ! ಮಂಗಳೂರು–ಮಸ್ಕತ್ ಬಿಟ್ಟರೆ ಮೂರನೆಯ ವಿಮಾನ ನಿಲ್ದಾಣವನ್ನೇ ಕಂಡವರಲ್ಲ. ಬೌಷರಿನಲ್ಲಿರುವ ಒಂದು ಪಂಪ್ ಕಂಪೆನಿಯಲ್ಲಿ ಸ್ಟೋರ್ ಕೀಪರ್. ಮೂವತ್ತು ವರ್ಷ ದಾಟಿತು, ಅದೇ ಕಂಪೆನಿ, ವೀಸಾ ಕೊಟ್ಟ ಅದೇ ಕಫೀಲ್. ಮನೆಯಲ್ಲಿ ಅವರು, ಅತ್ತೆ, ಮತ್ತು ಆರು ವರ್ಷಗಳಿಂದ ನಾನು. ಅವರಿಗೆ ಮಕ್ಕಳಿಲ್ಲ. ನಾನು ರೂವಿಯ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್ ಆಗಿ ಕೆಲಸಕ್ಕೆ ಬಂದವಳು, ಮಾವನ ಮನೆಯಲ್ಲೇ ಉಳಿದುಕೊಂಡೆ. ಮನೆಯಲ್ಲಿ ನಾವಾಡುವುದು ತುಳು. ನಿಮಗಾಗಿ ಎಲ್ಲರ ಬಾಯಲ್ಲೂ ಕನ್ನಡ ಹಾಕಿದ್ದೇನೆ, ಮಾವನ ಬೈಗುಳಗಳನ್ನು ಮಾತ್ರ ಕನ್ನಡಕ್ಕೆ ತರಲಾಗದೆ ಬಿಟ್ಟಿದ್ದೇನೆ.

ಇದೆಲ್ಲ ಶುರುವಾದದ್ದು ನನಗೊಂದು ಸಂಬಂಧ ಬಂದಾಗ. ಹುಡುಗ ಇಂಗ್ಲೆಂಡಿನಲ್ಲಿ, ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಮೂಡುಬಿದಿರೆಯಿಂದ ಅಮ್ಮ ಮಾವನಿಗೆ ಫೋನ್ ಮಾಡಿ ಹುಡುಗನ ಮನೆತನ, ಓದು, ಎತ್ತರ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಮಾವ ಕೇಳಿದ್ದು ಒಂದೇ ಪ್ರಶ್ನೆ.

"ಯಾವ ಕ್ಷೇತ್ರ?"

"ಕಟೀಲು," ಅಂದಳು ಅಮ್ಮ. "ಅವರು ದೇವಿಗೆ ನಡೆದುಕೊಳ್ಳುವವರು."

"ದೇವಸ್ಥಾನ ಅಲ್ಲ ಮಾರಾಯ್ತಿ! ಹುಡುಗ ಇರುವುದು ಇಂಗ್ಲೆಂಡಿನ ಯಾವ ಕ್ಷೇತ್ರದಲ್ಲಿ? ವೋಟಿನ ಕ್ಷೇತ್ರ!"

ಅಮ್ಮ ಫೋನ್ ನನಗೆ ಕೊಡಲು ಹೇಳಿ, "ಅಣ್ಣನಿಗೆ ಹುಷಾರಿಲ್ವಾ?" ಎಂದು ವಿಚಾರಿಸಿದಳು. ಜಗತ್ತಿನಲ್ಲಿ ಸೋದರಮಾವಂದಿರು ಹುಡುಗನ ಬರಿ, ಅಂದರೆ ಗೋತ್ರ, ಕೇಳುತ್ತಾರೆ, ಸಂಬಳ ಕೇಳುತ್ತಾರೆ, ಕುಡಿತ ಉಂಟಾ ಎಂದು ಗುಟ್ಟಾಗಿ ಕೇಳುತ್ತಾರೆ. ಪಾರ್ಲಿಮೆಂಟ್ ಕ್ಷೇತ್ರ ಕೇಳಿದ ಮೊದಲ ಸೋದರಮಾವ ನನ್ನವರೇ ಇರಬೇಕು.

ಹುಡುಗನಿರುವ ಊರಿನ ಹೆಸರು ಸಿಕ್ಕಿದ್ದೇ ತಡ, ಮಾವನಿಗೆ ಇಂಟರ್ನೆಟ್ಟಿನಲ್ಲಿ ಆ ಕ್ಷೇತ್ರದ ಇಡೀ ಜಾತಕ ಸಿಕ್ಕಿಬಿಟ್ಟಿತು. ಅಲ್ಲಿ ಎಷ್ಟು ಜನ ಮುದುಕರು, ಎಷ್ಟು ಜನ ಬಾಡಿಗೆ ಮನೆಯವರು, ಯಾವ ಧರ್ಮ, ಯಾವ ಭಾಷೆ, ಯಾರು ಎಲ್ಲಿ ಹುಟ್ಟಿದವರು, ಯಾರು ಆರೋಗ್ಯ ಚೆನ್ನಾಗಿಲ್ಲವೆಂದು ಜನಗಣತಿಯವರ ಹತ್ತಿರ ಹೇಳಿಕೊಂಡಿದ್ದಾರೆ, ಕಳೆದ ಸಲ ಯಾರಿಗೆ ಎಷ್ಟು ವೋಟು ಬಿತ್ತು... ಮಾವ ಎಲ್ಲವನ್ನೂ ಪ್ರಿಂಟ್ ತೆಗೆದು ತಂದರು. ಹಾಲಿನ ಗೋಡೆಯಿಂದ ಕ್ಯಾಲೆಂಡರ್ ಇಳಿಯಿತು, ನಕ್ಷೆ ಏರಿತು.

ಆ ಕ್ಷೇತ್ರದ ಹೆಸರನ್ನು ನಾನು ಬರೆಯುವುದಿಲ್ಲ. ಎರಡು ಊರು ಮತ್ತು ಒಂದು ದಿಕ್ಕು ಸೇರಿಸಿ ಮಾಡಿದ ಉದ್ದದ ಹೆಸರು. ಅತ್ತೆಗೆ ಅದನ್ನು ಹೇಳಲು ಬರಲೇ ಇಲ್ಲ, ಅವರು "ಆ ಜಾಗೆ" ಅನ್ನುತ್ತಾರೆ. ಒಂದು ಊರು ಸಮುದ್ರದ ಬದಿ, ಪಿಂಚಣಿಯವರದ್ದು. ಇನ್ನೊಂದು ಒಳಗಡೆ, ಹಿಂದೆ ಕಾರ್ಖಾನೆಯಿದ್ದು ಈಗ ಬಾಗಿಲು ಹಾಕಿದ್ದು. ನಡುವೆ ಒಂದು ದೊಡ್ಡ ಆಸ್ಪತ್ರೆ, ಅದರ ಸುತ್ತ ನಮ್ಮ ದೇಶದವರು, ಫಿಲಿಪ್ಪೀನ್ಸಿನವರು, ಪೋಲೆಂಡಿನವರು. ಮಾವ ಮುದುಕರಿಗೆ ಹಳದಿ ಬಣ್ಣ ಕೊಟ್ಟರು, ಬಾಡಿಗೆಯವರಿಗೆ ಹಸಿರು, ಹೊರಗಿನಿಂದ ಬಂದವರಿಗೆ ಕೆಂಪು. ಮುಂದೆ ಬರಲಿದ್ದ ಚುನಾವಣೆಗೆಂದು ಕ್ಷೇತ್ರದ ಗಡಿ ಬದಲಾಯಿಸಿ ಹೊಸದಾಗಿ ಮೂರು ಹಳ್ಳಿ ಸೇರಿಸಿದ್ದರು. ಅದನ್ನು ಮಾವ ಒಪ್ಪಲೇ ಇಲ್ಲ.

"ಇವರು ನಮ್ಮವರಲ್ಲ," ಎಂದು ಆ ಹಳ್ಳಿಗಳನ್ನು ಪೆನ್ಸಿಲಿನಿಂದ ಮಾತ್ರ ಗುರುತು ಮಾಡಿದರು.

ಕೆಳಗಿನ ಬಟ್ಟೆ ಅಂಗಡಿಯ ಬ್ಯಾರಿ ಸಾಹೇಬರು ಮಾವನ ಗೆಳೆಯರು, ಬಂಟ್ವಾಳದ ಕಡೆಯ ಮುಸಲ್ಮಾನರು. ಒಂದು ದಿನ ಚಹಾಕ್ಕೆ ಮೇಲೆ ಬಂದವರು ನಕ್ಷೆ ನೋಡಿ ದಂಗಾದರು.

"ಶೆಟ್ರೆ, ನೀವು ಇದೆಂತ ಅಲ್ಲಿ ಎಲೆಕ್ಷನಿಗೆ ನಿಲ್ಲುದಾ?"

"ಸೊಸೆ ಹೋಗುವ ಜಾಗ ಸಾಹೇಬ್ರೆ. ಸುತ್ತಮುತ್ತ ಯಾರಿದ್ದಾರೆ ಅಂತ ನೋಡ್ಬೇಡ್ವಾ?"

"ಅಷ್ಟು ದೂರದ್ದು ನೋಡ್ತೀರಿ. ನಾನು ಇಲ್ಲೇ ನಿಮ್ಮ ಕಾಲಡಿಯಲ್ಲಿ ಇದ್ದೇನೆ. ನನ್ನ ಸುದ್ದಿ ಎಂತ ಗೊತ್ತುಂಟು ನಿಮಗೆ?"

ಕೇಳಬಾರದಿತ್ತು! ಮಾವ ಚಹಾದ ಲೋಟ ಕೆಳಗಿಟ್ಟು ಅವರ ಎರಡನೇ ಮಗಳ ಗಂಡನ ಊರು, ಹಿಂಬಾಗಿಲಿನ ಹಾಳಾದ ಬೀಗ, ಹಿಂದಿನ ವಾರ ಅವರು ಡಾಕ್ಟರಿಗೆ ತೋರಿಸಿದ ಬೆನ್ನುನೋವು, ಎಲ್ಲ ಹೇಳಿ ಮುಗಿಸಿದರು. ಬೆನ್ನುನೋವನ್ನು ಸಾಹೇಬರು ಹೆಂಡತಿಗೂ ಹೇಳಿರಲಿಲ್ಲವಂತೆ!

ಮಾವನ ಈ ಹುಚ್ಚು ನಮಗೆ ಹೊಸದೂ ಅಲ್ಲ. ಈ ಫ್ಲ್ಯಾಟಿಗೆ ಬರುವಾಗ ಲಾರಿಯನ್ನು ರಸ್ತೆಯಲ್ಲೇ ನಿಲ್ಲಿಸಿ, ಕಟ್ಟಡದ ಪ್ರತಿಯೊಂದು ಬಾಗಿಲು ತಟ್ಟಿ, ಒಳಗಿರುವವರ ಹೆಸರು, ಊರು, ಫೋನ್ ನಂಬರ್ ಬರೆದುಕೊಂಡ ಮೇಲೆಯೇ ಸಾಮಾನು ಇಳಿಸಲು ಬಿಟ್ಟವರು. ನಾಲ್ಕನೇ ಮಹಡಿಯ ಪಾಕಿಸ್ತಾನಿ ಇಂಜಿನಿಯರು ಇವರನ್ನು ಜನಗಣತಿಯ ಅಧಿಕಾರಿ ಎಂದೇ ತಿಳಿದು ಗುರುತಿನ ಚೀಟಿ ತೆಗೆದು ತೋರಿಸಿದ್ದರಂತೆ. ಇದೆಲ್ಲ ಯಾಕೆಂದು ನಾವು ಯಾರೂ ಕೇಳಲಿಲ್ಲ. ಮಾವ ಎಂದರೆ ಹಾಗೆ, ಅಷ್ಟೇ.

ಅಷ್ಟರಲ್ಲಿ ಹುಡುಗ ಮತ್ತು ನಾನು ಫೋನಿನಲ್ಲಿ ಮಾತಾಡತೊಡಗಿದ್ದೆವು. ಮಾತು ಎಲ್ಲಿಂದೆಲ್ಲಿಗೋ ಹೋಗುವ ಹೊತ್ತಿಗೆ ಸರಿಯಾಗಿ ಮಾವ ಬಾಗಿಲಲ್ಲಿ ಪ್ರತ್ಯಕ್ಷ. ಕೈಯಲ್ಲೊಂದು ಚೀಟಿ.

"ಅವರದ್ದು ಯಾವ ವಾರ್ಡ್ ಅಂತ ಕೇಳು."

ನಾನು ಕೇಳಿದೆ.

"ವಾರ್ಡಾ? ನಮಗೆ ಎಕ್ಸ್‌ರೇಯವರಿಗೆ ವಾರ್ಡ್ ಇಲ್ಲ," ಅಂದ ಹುಡುಗ. "ಪೇಷಂಟನ್ನೇ ಕೆಳಗೆ ತಂದು ಬಿಡ್ತಾರೆ."

ಇದನ್ನು ಮಾವನಿಗೆ ಹೇಗೆ ಹೇಳಲಿ? ನಕ್ಷೆ ನೋಡಿ ಯಾವುದೋ ಒಂದು ಹೆಸರು ಹೇಳಿದೆ. ಮಾವ ಸಂತೋಷದಿಂದ ತಲೆಯಾಡಿಸಿದರು. "ಒಳ್ಳೆ ವಾರ್ಡ್. ಅಲ್ಲಿಯವರು ಮನೆ ಬಿಟ್ಟು ಹೋಗುವುದು ಕಡಿಮೆ." ಅದು ನನ್ನ ಮೊದಲ ಸುಳ್ಳು. ಹುಡುಗ ನನಗೆ ಇಷ್ಟವಾಗಿದ್ದ. ಫೋನಿನಲ್ಲಿ ನಾನು ಕೆಮ್ಮಿದರೆ ಮಾತು ನಿಲ್ಲಿಸಿ, "ನೀರು ಕುಡಿದು ಬನ್ನಿ, ಕಾಯ್ತೇನೆ," ಅನ್ನುವವನು. ವಾರ್ಡಿನ ಹೆಸರಿಗಾಗಿ ಅಂಥವನನ್ನು ಕಳೆದುಕೊಳ್ಳುವುದೇ?

ಎರಡನೆಯ ಸುಳ್ಳು ದೊಡ್ಡದು.

ಅಲ್ಲಿ ಚುನಾವಣೆ ಘೋಷಣೆಯಾದ ದಿನ ಮಾವ ಮನೆಯಲ್ಲಿ ಮದುವೆಯ ಕರೆಯೋಲೆ ಬಂದವರ ಹಾಗೆ ಓಡಾಡಿದರು. ಆಮೇಲೆ ನನ್ನನ್ನು ಕೂರಿಸಿ ವಿವರಿಸಿದರು. ಬ್ರಿಟನ್ನಿನಲ್ಲಿ ವಾಸವಾಗಿರುವ ಇಂಡಿಯದವರಿಗೆ, ನಮ್ಮ ಪಾಸ್‌ಪೋರ್ಟೇ ಇದ್ದರೂ, ಅಲ್ಲಿ ವೋಟು ಹಾಕುವ ಹಕ್ಕು ಉಂಟು. ಹೆಸರು ಸೇರಿಸಿದರೆ ಸಾಕು. "ಹುಡುಗನಿಗೆ ಹೇಳು. ಹೆಸರು ಸೇರಿಸ್ಲಿ. ವೋಟು ಹಾಕ್ಲಿ. ಹೋದ ಸಲ ಗೆದ್ದವರ ಅಂತರ ಎಷ್ಟು ಗೊತ್ತುಂಟಾ? ಆ ಜನರನ್ನೆಲ್ಲ ಬೌಷರಿನ ಒಂದು ಮದುವೆ ಹಾಲಿನಲ್ಲಿ ಕೂರಿಸಿ ಊಟ ಹಾಕಬಹುದು!"

ನಾನು ಹೇಳಿದೆ. ಹುಡುಗ ನಕ್ಕ. "ನನಗೆ ಇಲ್ಲಿ ಎಂತ ವೋಟು? ಅಂಕಲ್ ತಮಾಷೆ ಮಾಡ್ತಾ ಇದ್ದಾರೆ."

"ಹಾಕ್ತಾರಂತೆ ಮಾವ," ಅಂದೆ ನಾನು.

ಕೆಲವು ದಿನ ಕಳೆದು ಇನ್ನೊಂದು ಸಂಗತಿ ಗೊತ್ತಾಯಿತು. ಹುಡುಗ ಊರಿಗೆ ಹೋಗುವ ದಾರಿಯಲ್ಲಿ ಮಸ್ಕತ್ತಿನಲ್ಲಿ ಇಳಿದು ನನ್ನನ್ನು ನೋಡಿ ಹೋಗುವುದೆಂದು ನಿಶ್ಚಯವಾಗಿತ್ತು. ವಿಮಾನ ಗುರುವಾರ ಬೆಳಿಗ್ಗೆ. ಮತದಾನವೂ ಅದೇ ಗುರುವಾರ!

"ಮತ್ತೆ ವೋಟು?" ಎಂದು ಮಾವ ಕಣ್ಣರಳಿಸಿದರು.

"ಪೋಸ್ಟಿನಲ್ಲಿ ಕಳಿಸಿದ್ದಾರಂತೆ ಮಾವ."

ಮೂರನೆಯದು. ಮಾವನ ಮುಖದಲ್ಲಿ ಅಂಥ ಬೆಳಕು ನಾನು ಕಂಡಿರಲಿಲ್ಲ. "ನೋಡಿದ್ಯಾ!" ಎಂದು ಅಡುಗೆಮನೆಗೆ ಹೋಗಿ ಅತ್ತೆಗೆ ಹೇಳಿದರು. "ರಜೆಯ ಗಡಿಬಿಡಿಯಲ್ಲೂ ಪೋಸ್ಟಿನಲ್ಲಿ ಹಾಕಿದ್ದಾನೆ. ಇರುವ ಊರಿನ ಮೇಲೆ ಮನಸ್ಸಿರುವ ಹುಡುಗ."

ಶುಕ್ರವಾರ ಬೆಳಿಗ್ಗೆ ಬಂತು. ಇಲ್ಲಿ ರಜೆಯ ದಿನ, ಅಲ್ಲಿ ಎಣಿಕೆಯ ದಿನ. ಎಂಟು ಗಂಟೆಗೆಲ್ಲ ಹೊರಗೆ ಬೆಂಕಿ, ಒಳಗೆ ಎ.ಸಿ. ಇದ್ದರೂ ನನ್ನ ಬೆನ್ನಿಗೆ ಬೆವರು. ಅತ್ತೆ ಬನ್ಸ್ ಕರಿಯುತ್ತಿದ್ದರು. ಮಾವ ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿ, ನಕ್ಷೆಯ ಕೆಳಗೆ ಕೂತು, ಫೋನಿನಲ್ಲಿ ಫಲಿತಾಂಶದ ಪುಟವನ್ನು ತಿಕ್ಕುತ್ತಿದ್ದರು. ದೇಶದ ಫಲಿತಾಂಶವೆಲ್ಲ ಬಂದು ಮುಗಿದಿತ್ತು. ಸರ್ಕಾರ ಯಾರದ್ದೆಂದು ಜಗತ್ತಿಗೇ ತಿಳಿದಿತ್ತು. ಮಾವನಿಗೆ ಅದು ಬೇಡ. ಅವರ ಕ್ಷೇತ್ರ ಮಾತ್ರ ಇನ್ನೂ ಬಂದಿರಲಿಲ್ಲ.

"ಮರು ಎಣಿಕೆ!" ಎಂದು ಕೂಗಿದರು. "ಅಂತರ ಅಷ್ಟು ಸಣ್ಣದು! ಮರು ಎಣಿಕೆ ಮಾಡ್ತಿದ್ದಾರೆ!"

ಅವರ ಬೆಂಬಲ ಯಾರಿಗೆಂದು ನಮಗೆಲ್ಲ ಗೊತ್ತಿತ್ತು. ಆ ಕ್ಷೇತ್ರದ ಆಸ್ಪತ್ರೆಯ ಹೆರಿಗೆ ವಿಭಾಗವನ್ನು ದೂರದ ನಗರಕ್ಕೆ ಸಾಗಿಸಬಾರದೆಂದು ಹೋರಾಡುತ್ತಾ ಚುನಾವಣೆಗೆ ನಿಂತಿದ್ದ ಒಬ್ಬ ಟೀಚರಮ್ಮನಿಗೆ. ಆಕೆಯ ಪಕ್ಷ ಯಾವುದೆಂದು ಮಾವನನ್ನು ಕೇಳಿದರೆ, "ಯಾವುದಾದ್ರೆ ಎಂತ?" ಅನ್ನುತ್ತಿದ್ದರು.

ಆಗಲೇ ಬೆಲ್ಲು. ಹುಡುಗ ಬಂದ. ಜೊತೆಗೆ ಬೌಷರಿನಲ್ಲಿರುವ ಅವನ ದೊಡ್ಡಮ್ಮನ ಮಗಳು, ಮಾತುಗಾರ್ತಿ ಅಕ್ಕ. ಹುಡುಗ ಫೋನಿನಲ್ಲಿ ಕಂಡದ್ದಕ್ಕಿಂತ ತುಸು ಗಿಡ್ಡ, ತುಸು ಹೆಚ್ಚು ಚೆಂದ. ನಾನು ಅವನಿಗೆ ಕಣ್ಸನ್ನೆಯಲ್ಲಿ ಏನೋ ಹೇಳಲು ನೋಡಿದೆ. ಹಿಂದಿನ ದಿನ ಮೂರು ಸಲ ಫೋನ್ ಮಾಡಿದ್ದೆ, ವಿಮಾನದಲ್ಲಿದ್ದ. ಆಮೇಲೆ ಬರೆದ ಮೆಸೇಜನ್ನು ಅವನು ನೋಡಿರಲೇ ಇಲ್ಲ. ಈಗ ಹೇಳುವುದು ಹೇಗೆ? ನಾನು ಕಣ್ಣು ಮಿಟುಕಿಸಿದೆ. ಹುಡುಗ ನಾಚಿದ! ನಾನು ಮತ್ತೊಮ್ಮೆ ಜೋರಾಗಿ ಮಿಟುಕಿಸಿದೆ. ಅವನ ಅಕ್ಕ, "ಕಣ್ಣಿಗೆ ಏನಾದ್ರೂ ಬಿತ್ತಾ ನಿಮ್ಗೆ?" ಎಂದು ಕೇಳಿದರು.

ಮಾವ ಹುಡುಗನ ಕೈ ಹಿಡಿದು ನೇರ ನಕ್ಷೆಯ ಕೆಳಗೆ ಕೂರಿಸಿದರು. ಹೆಣ್ಣು ನೋಡಲು ಬಂದವನಿಗೆ ಹೆಣ್ಣನ್ನು ಬಿಟ್ಟು ಅವನದ್ದೇ ಊರಿನ ನಕ್ಷೆ ತೋರಿಸಿದ ಮನೆ ನಮ್ಮದು!

"ನೋಡಿ, ಮರು ಎಣಿಕೆ ನಡೀತಾ ಉಂಟು. ನಿಮ್ಮ ವೋಟು ಇವತ್ತು ಎರಡು ಸಲ ಎಣಿಸ್ತಾರೆ. ಎಂಥ ಭಾಗ್ಯ!"

ಹುಡುಗ ಬನ್ಸ್ ಕೈಯಲ್ಲಿ ಹಿಡಿದವನು ಹಾಗೇ ಕೂತ. "ನನ್ನ ವೋಟಾ?"

ನಾನು ನೆಲ ನೋಡಿದೆ. ಅತ್ತೆ ಜಾಲರಿ ಸೌಟು ಹಿಡಿದೇ ಅಡುಗೆಮನೆಯ ಬಾಗಿಲಿಗೆ ಬಂದರು.

"ಪೋಸ್ಟಿನಲ್ಲಿ ಹಾಕಿದ್ದು," ಅಂದರು ಮಾವ. ದನಿ ಸ್ವಲ್ಪ ಇಳಿದಿತ್ತು.

ಹುಡುಗ ನನ್ನ ಕಡೆ ನೋಡಿದ. ಈಗ ನನ್ನ ಕಣ್ಣು ಮಿಟುಕಿನ ಅರ್ಥ ಅವನಿಗಾಗಿರಬೇಕು. ಹೌದು ಅನ್ನಬಹುದಿತ್ತು. ಅಂದಿದ್ದರೆ ಎಲ್ಲವೂ ಅಲ್ಲಿಗೇ ಸುಖವಾಗಿ ಮುಗಿಯುತ್ತಿತ್ತು. ಅವನು ಬನ್ಸನ್ನು ತಟ್ಟೆಯಲ್ಲಿಟ್ಟ.

"ಇಲ್ಲ ಅಂಕಲ್. ನಾನು ಹಾಕಿಲ್ಲ. ಇವರು ನನಗೆ ಹೇಳಿದ್ರು. ನಾನೇ ಉದಾಸೀನ ಮಾಡಿದ್ದು. ಲಿಸ್ಟಲ್ಲಿ ನನ್ನ ಹೆಸರೇ ಇಲ್ಲ."

"ಸುಳ್ಳು ಹೇಳಿದ್ದು ನಾನು ಮಾವ," ಅಂದೆ. "ವಾರ್ಡ್ ಕೂಡ ನಾನೇ ಹೇಳಿದ್ದು."

ಮಾವ ಬಯ್ಯಲಿಲ್ಲ. ಬೈದಿದ್ದರೆ ಎಷ್ಟು ಒಳ್ಳೆಯದಿತ್ತು! ಅವರು ತಮ್ಮ ಎಡಗೈಯ ತೋರುಬೆರಳನ್ನು ಎತ್ತಿ ಹುಡುಗನಿಗೆ ತೋರಿಸಿದರು.

"ನಾನು ಸಣ್ಣ ಪ್ರಾಯದಲ್ಲಿ ಊರು ಬಿಟ್ಟವ. ಊರಲ್ಲಿ ಎಲೆಕ್ಷನ್ ಇರುವಾಗ ನನಗೆ ರಜೆ ಇಲ್ಲ. ರಜೆ ಇರುವಾಗ ಎಲೆಕ್ಷನ್ ಇಲ್ಲ. ಇಲ್ಲಿ ನಾವು ಅತಿಥಿಗಳು. ಈ ಬೆರಳಿಗೆ ಇವತ್ತಿನವರೆಗೆ ಶಾಯಿ ಹತ್ತಿಲ್ಲ. ನಿಮಗೆ ಇರುವ ಊರಲ್ಲೇ ಕರೆದು ಕೊಡ್ತಾರೆ. ನಿಮಗೆ ಅದು ಬೇಡ!"

"ಒಂದು ವೋಟಿನಿಂದ ಎಂತ ಆಗ್ಲಿಕ್ಕುಂಟು ಅಂಕಲ್?" ಎಂದು ಹುಡುಗನ ಅಕ್ಕ ನಗುತ್ತಾ ಮಧ್ಯೆ ಬಂದರು.

ಸರಿಯಾಗಿ ಆ ಕ್ಷಣಕ್ಕೆ ಮಾವನ ಫೋನ್ 'ಟಿಂಗ್' ಅಂದಿತು. ಮಾವ ನೋಡಿದರು. ಬಹಳ ಹೊತ್ತು ನೋಡಿದರು. ಟೀಚರಮ್ಮ ಸೋತಿದ್ದರು. ಅಂತರ ಒಂದು ಮದುವೆ ಹಾಲಿನಷ್ಟೂ ಇರಲಿಲ್ಲ. ಆ ಜನರೆಲ್ಲ ನಮ್ಮ ರೂವಿಯ ಒಂದು ಮಿನಿ ಬಸ್ಸಿನಲ್ಲಿ ಕೂತು ಹೋಗಬಹುದಿತ್ತು.

ಮಾವ ಫೋನನ್ನು ಮಗುಚಿ ಮೇಜಿನ ಮೇಲಿಟ್ಟರು. "ಖಲಾಸ್," ಅಂದರು. "ಇರುವ ಊರು ಯಾವುದು, ಸುತ್ತ ಯಾರಿದ್ದಾರೆ ಅಂತ ಗೊತ್ತಿಲ್ಲದವರ ಜೊತೆ ನಮ್ಮ ಹುಡುಗಿಯನ್ನು ಕಳಿಸ್ಲಿಕ್ಕೆ ಆಗುದಿಲ್ಲ. ಬೇಜಾರು ಮಾಡ್ಬೇಡಿ. ತಿಂಡಿ ತಿನ್ನಿ."

ಇಂಥ ಮಾತಿನ ಮೇಲೆ ತಿಂಡಿ ತಿನ್ನುವವರು ಯಾರು? ಅಕ್ಕನ ನಗು ಆರಿಹೋಯಿತು. ಅವರು ಬ್ಯಾಗ್ ಹೆಗಲಿಗೇರಿಸಿದರು. ಹುಡುಗ ಎದ್ದು ನಿಂತ. ಇನ್ನೆರಡು ನಿಮಿಷದಲ್ಲಿ ಲಿಫ್ಟು ಮೇಲೆ ಬರುತ್ತದೆ, ಕೆಳಗೆ ಹೋಗುತ್ತದೆ, ಅಲ್ಲಿಗೆ ಮುಗಿಯಿತು.

ಆಗ ಅತ್ತೆ ಬಾಗಿಲಿನಿಂದ ಕೇಳಿದರು. ಅತ್ತೆ ಪುರುಷರ ಮಾತಿನ ಮಧ್ಯೆ ಬಾಯಿ ಹಾಕುವವರಲ್ಲ. ಮಾವನ ಕ್ಷೇತ್ರದ ಬಗ್ಗೆ ಮೂರು ತಿಂಗಳಲ್ಲಿ ಒಂದು ಪ್ರಶ್ನೆಯನ್ನೂ ಕೇಳಿದವರಲ್ಲ.

"ನಿನ್ನ ಪಕ್ಕದ ಮನೆಯಲ್ಲಿ ಯಾರಿದ್ದಾರೆ ಮಗಾ?"

ಹುಡುಗ ತಿರುಗಿದ. "ಎಡಗಡೆ ಒಬ್ಬರು ಅಜ್ಜ ಇದ್ದಾರೆ ಆಂಟಿ. ಹೆಂಡತಿ ತೀರಿಹೋಗಿದ್ದಾರೆ. ಮೊಣಕಾಲಿನ ಆಪರೇಷನ್ ಆಗಿದೆ, ಎಕ್ಸ್‌ರೇ ತೆಗೆದದ್ದು ನಾನೇ. ಕಸದ ಡಬ್ಬ ತಳ್ಳಲಿಕ್ಕೆ ಆಗುದಿಲ್ಲ ಅವರಿಗೆ, ಮಂಗಳವಾರ ನಾನು ಹೊರಗೆ ಇಡ್ತೇನೆ. ಅವರ ಮನೆಯ ಒಂದು ಕೀ ನನ್ನತ್ರ ಉಂಟು, ನನ್ನದು ಅವರತ್ರ. ಬೆಳಿಗ್ಗೆ ಎಂಟಾದ್ರೂ ಅವರ ಕರ್ಟನ್ ತೆಗೀದಿದ್ರೆ ನಾನು ಹೋಗಿ ನೋಡುದು ಅಂತ ಮಾತಾಗಿದೆ. ಈಗ ನಾನಿಲ್ಲ ಅಲ್ವಾ, ಎದುರು ಮನೆಯವರಿಗೆ ಹೇಳಿ ಬಂದಿದ್ದೇನೆ."

"ಬಲಗಡೆ?"

"ರೊಮೇನಿಯದವರು. ಗಂಡ ಲಾರಿ ಓಡಿಸ್ತಾನೆ. ಹೆಂಡತಿ ಇಂಗ್ಲಿಷ್ ಮಾತಾಡಿದ್ರೆ ನನಗೆ ಅರ್ಥ ಆಗುದಿಲ್ಲ, ನಾನು ಮಾತಾಡಿದ್ರೆ ಅವಳಿಗೆ ಆಗುದಿಲ್ಲ. ಉಪ್ಪು ಬೇಕಾದ್ರೆ ಬಂದು ಬಾಗಿಲು ತಟ್ಟಿ ಕೈಸನ್ನೆ ಮಾಡ್ತಾಳೆ. ಒಮ್ಮೆ ನಾನು ಸಕ್ಕರೆ ಕೊಟ್ಟಿದ್ದೆ."

"ತಟ್ಟಿದ ಕೂಡ್ಲೆ ತೆಗೀತೀಯಾ?"

"ತೆಗೀದೆ ಮತ್ತೆ?" ಅಂದ ಹುಡುಗ, ಪ್ರಶ್ನೆಯೇ ಅರ್ಥವಾಗದವನ ಹಾಗೆ.

ಮಾವ ಎದ್ದರು. ಯಾರ ಮುಖವನ್ನೂ ನೋಡದೆ ಬಾಲ್ಕನಿಯ ಗಾಜಿನ ಬಾಗಿಲು ಸರಿಸಿ, ಜುಲೈ ತಿಂಗಳ ಆ ಬಿಸಿಲಿಗೆ ಹೋಗಿ ನಿಂತುಬಿಟ್ಟರು. ಅಲ್ಲಿ ಬಟ್ಟೆ ಒಣಗಿಸಲೂ ಎರಡು ನಿಮಿಷಕ್ಕಿಂತ ಹೆಚ್ಚು ನಿಲ್ಲಲಾಗುವುದಿಲ್ಲ. ಅತ್ತೆ ಬಂದವರಿಬ್ಬರನ್ನೂ "ಕೂತ್ಕೊಳ್ಳಿ, ಕಾಫಿ ತರ್ತೇನೆ," ಎಂದು ಕೂರಿಸಿ, ನನ್ನ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದರು.

"ನಾವು ಮೊದ್ಲು ಮಸ್ಕತ್ತಿನಿಂದ ಆಚೆ ಬರ್ಕಾದಲ್ಲಿ ಇದ್ದದ್ದು ಗೊತ್ತುಂಟಲ್ಲ ನಿಂಗೆ?"

"ಗೊತ್ತುಂಟು."

"ಬಿಟ್ಟು ಬಂದದ್ದು ಯಾಕೆ ಅಂತ ಗೊತ್ತುಂಟಾ?"

ಗೊತ್ತಿರಲಿಲ್ಲ. ಅತ್ತೆ ಒಲೆ ಸಣ್ಣ ಮಾಡಿದರು. ಹಾಲಿನ ಪಾತ್ರೆಯನ್ನೇ ನೋಡುತ್ತಾ ಹೇಳಿದರು.

"ಮದುವೆಯಾದ ವರ್ಷ ಇವರು ನನ್ನನ್ನು ಕರ್ಕೊಂಡು ಬಂದ್ರು. ಕಂಪೆನಿಯವರು ತೋಟಗಳಿಗೆ ಪಂಪ್ ಹಾಕ್ತಿದ್ದ ಕಾಲ. ಇವರಿಗೆ ಬೆಳಿಗ್ಗೆಯಿಂದ ಸಂಜೆವರೆಗೆ ತೋಟ ಸುತ್ತುದು. ಆಗ ಕೈಯಲ್ಲಿ ಫೋನಿಲ್ಲ. ನನಗೆ ಏಳು ತಿಂಗಳು. ಒಂದು ದಿನ ಮಧ್ಯಾಹ್ನ ನೋವು ಬಂತು. ಇವರ ಗಾಡಿ ಎಲ್ಲಿಯೋ ಹೂತು ಹೋಗಿತ್ತಂತೆ. ಪಕ್ಕದಲ್ಲಿ ಒಂದು ಮನೆ ಇತ್ತು. ಹದಿನೈದು ಹೆಜ್ಜೆ ಇರಬಹುದು. ಒಳಗೆ ಯಾರೋ ಮಾತಾಡುದು ಕೇಳ್ತಿತ್ತು. ಯಾರು, ಎಂತ ಜನ, ಯಾವ ಭಾಷೆ, ಬಾಗಿಲು ತಟ್ಟಿದ್ರೆ ಬಯ್ತಾರಾ... ನಂಗೆ ಒಂದೂ ಗೊತ್ತಿಲ್ಲ. ಬಂದು ಆರು ತಿಂಗಳಾದ್ರೂ ಅವರ ಮುಖ ನೋಡಿಲ್ಲ. ಅರ್ಧ ದಾರಿ ಹೋದೆ. ಹೆದರಿಕೆ ಆಯ್ತು. ವಾಪಸ್ ಬಂದು ಬಾಗಿಲು ಹಾಕ್ಕೊಂಡೆ."

ಹಾಲು ಉಕ್ಕಿತು. ಅತ್ತೆ ಒಲೆ ಆರಿಸಿದರು.

"ಇವರು ಬರುವಾಗ ಸಂಜೆ. ಎಲ್ಲ ಮುಗಿದಿತ್ತು. ಗಂಡು. ಮತ್ತೆ ಆಗ್ಲೇ ಇಲ್ಲ. ಅದರ ಮೇಲೆ ಇವರು ನನ್ನತ್ರ ಒಂದೇ ಒಂದು ಮಾತು ಹೇಳಿದ್ದು. 'ಪಕ್ಕದಲ್ಲಿ ಯಾರಿದ್ದಾರೆ ಅಂತ ಕೇಳದೆ ನಿನ್ನನ್ನು ಕರ್ಕೊಂಡು ಬಂದೆ' ಅಂತ. ಅಷ್ಟೇ. ಮತ್ತೆ ಅವತ್ತಿಂದ ಈ ಹುಚ್ಚು."

ನಾನು ಅವರ ಮನೆಯಲ್ಲಿ ಆರು ವರ್ಷ ಉಂಡಿದ್ದೆ. ಆರು ವರ್ಷ ಮಾವನ ಹುಚ್ಚಿನ ಕತೆಗಳನ್ನು ಕ್ಲಿನಿಕ್ಕಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದೆ. ಕಾಫಿಯ ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಅತ್ತೆಯೇ ಅದನ್ನು ತೆಗೆದುಕೊಂಡು ಹೊರಗೆ ಹೋದರು.

ಮಾವ ಬಾಲ್ಕನಿಯಿಂದ ಒಳಗೆ ಬಂದಾಗ ಬಿಳಿ ಷರ್ಟು ಮೈಗೆ ಅಂಟಿತ್ತು. ಮುಖ ಒರೆಸಿಕೊಂಡು ಹುಡುಗನ ಎದುರು ಕೂತರು.

"ಆ ಅಜ್ಜನ ಫೋನ್ ನಂಬರ್ ಉಂಟಾ ನಿಮ್ಮತ್ರ?"

"ಉಂಟು ಅಂಕಲ್."

"ಹೇಳಿ." ಬರೆದುಕೊಂಡರು. "ಎದುರು ಮನೆಯವರದ್ದು?" ಅದನ್ನೂ ಬರೆದುಕೊಂಡರು. "ರೊಮೇನಿಯದವಳದ್ದು?"

"ಅವಳದ್ದು ಇಲ್ಲ. ಫೋನಲ್ಲಿ ಕೈಸನ್ನೆ ಕಾಣುದಿಲ್ಲ ಅಲ್ವಾ."

ಮಾವ ನಕ್ಕರು. ಆ ಬೆಳಗಿನ ಮೊದಲ ನಗು! "ಸರಿ. ಈಗ ನಿಮ್ಮ ಹೆಸರು ಲಿಸ್ಟಿಗೆ ಸೇರಿಸಿ. ಇಲ್ಲೇ. ಈಗಲೇ. ಫೋನಲ್ಲೇ ಆಗ್ತದೆ." ಹುಡುಗ ಪೆಚ್ಚಾಗಿ, ಅವನಿಗೆ ಅಲ್ಲಿಯ ಯಾವುದೋ ನಂಬರು ನೆನಪಿಗೆ ಬಾರದೆ, ಅವನು ಅಲ್ಲಿಯ ಗೆಳೆಯನನ್ನು ನಿದ್ದೆಯಿಂದ ಎಬ್ಬಿಸಿ, ಮನೆಯ ಡ್ರಾಯರ್ ತೆಗೆಸಿ, ನಂಬರು ತರಿಸಿ ಅರ್ಜಿ ತುಂಬಿ ಮುಗಿಸುವವರೆಗೆ ಮಾವ ಅಲುಗಲಿಲ್ಲ. ಮುಂದಿನ ಚುನಾವಣೆಗೆ ಇನ್ನೂ ವರ್ಷಗಳಿವೆ ಎಂದು ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ. ಅಷ್ಟರಲ್ಲಿ ಜುಮಾ ನಮಾಜಿಗೆ ಹೊರಟ ಬ್ಯಾರಿ ಸಾಹೇಬರು ಅತ್ತರು ಹಚ್ಚಿಕೊಂಡು ಬಾಗಿಲಿನಲ್ಲಿ ಇಣುಕಿದರು.

"ಎಂತ ಶೆಟ್ರೆ, ಆಯ್ತಾ ನಿಶ್ಚಯ?"

"ಆಯ್ತು. ನಾವು ಸೋತೆವು," ಅಂದರು ಮಾವ.

ಸಾಹೇಬರಿಗೆ ತಲೆಬುಡ ತಿಳಿಯದೆ, "ಅಲ್ಲಾಹು ಒಳ್ಳೇದು ಮಾಡ್ಲಿ," ಎಂದು ಎರಡಕ್ಕೂ ಸಲ್ಲುವಂಥ ಮಾತು ಹೇಳಿ ಇಳಿದುಹೋದರು.

ಬಂದವರು ಊಟ ಮಾಡಿಕೊಂಡು ಹೋದರು. ಹೋಗುವಾಗ ಹುಡುಗ ನನ್ನ ಹತ್ತಿರ, "ಇನ್ನು ಸುಳ್ಳು ಹೇಳುದಾದ್ರೆ ನಂಗೆ ಮೊದ್ಲೇ ಹೇಳಿ," ಅಂದ. ಲಿಫ್ಟು ಕೆಳಗಿಳಿಯಿತು. ನಾನು ಪಾತ್ರೆ ತೊಳೆಯಲು ಹೊರಟೆ.

"ಬಿಡು ಅದನ್ನು," ಎಂದರು ಮಾವ. ಅವರ ಕೈಯಲ್ಲಿ ಕಾರಿನ ಕೀ ಇತ್ತು. ಅತ್ತೆಯ ಕಡೆ ನೋಡಿದರು. "ಯಲ್ಲಾ, ಹೊರಡು. ಬರ್ಕಾಕ್ಕೆ ಹೋಗಿ ಬರುವಾ."

ಅತ್ತೆ ಸೀರೆ ಬದಲಾಯಿಸಿ ಬಂದು ಕಾರಿನ ಮುಂದಿನ ಸೀಟಿನಲ್ಲಿ ಕೂತರು. ನಾನು ಹಿಂದೆ ಕೂತೆ. ಬಾತಿನಾ ಹೆದ್ದಾರಿಯ ಎರಡೂ ಬದಿ ಬಿಸಿಲು ಕುಣಿಯುತ್ತಿತ್ತು. ನನಗೆ ಒಂದೇ ಭಯ: ಅಲ್ಲಿ ಹೋಗಿ ಅತ್ತೆಗೆ ಏನಾದರೂ ಆದರೆ?

ಸಮುದ್ರದ ಕಡೆ ತಿರುಗುವ ಒಂದು ಗಲ್ಲಿಯಲ್ಲಿ ಮಾವ ಕಾರು ನಿಲ್ಲಿಸಿದರು. ಅವರಿದ್ದ ಮನೆ ಈಗ ಮೇಕೆಗಳ ಮೇವು ಇಡುವ ಗೋದಾಮು. ಕಬ್ಬಿಣದ ಬಾಗಿಲಿಗೆ ಬೀಗ. ಪಕ್ಕದ ಮನೆ ಮಾತ್ರ ಹಾಗೆಯೇ ಇತ್ತಂತೆ, ಸುಣ್ಣ ಹೊಸದು. ಮಾವ ಕಾರಿನ ಹತ್ತಿರವೇ ನಿಂತರು. ಅತ್ತೆ ನಡೆದರು. ಅರ್ಧ ದಾರಿಗೆ ನಿಂತರು. ನಾನು ಹಿಂದಿನಿಂದ ಹೋಗಿ ಕೈ ಹಿಡಿಯೋಣವೆಂದುಕೊಂಡೆ. ಮಾವ ನನ್ನ ಭುಜ ಹಿಡಿದು ತಡೆದರು. ಒಂದು ನಿಮಿಷವಾಯಿತೋ ಎರಡಾಯಿತೋ. ಅತ್ತೆ ಮತ್ತೆ ನಡೆದು, ಬಾಗಿಲು ತಟ್ಟಿದರು.

ತೆಗೆದವರು ಒಬ್ಬ ಮುದುಕಿ. ಅತ್ತೆಗೆ ಈಗ ತರಕಾರಿ ಕೊಳ್ಳುವಷ್ಟು ಅರಬ್ಬಿ ಬರುತ್ತದೆ. ಸಲಾಂ ಹೇಳಿ, ಗೋದಾಮಿನ ಕಡೆ ಕೈ ತೋರಿಸಿ, "ಮೊದಲು ನಾನು, ಅಲ್ಲಿ," ಅಂದರು. ಮುದುಕಿ ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಎರಡೂ ಕೈ ಎತ್ತಿ ಜೋರಾಗಿ ಏನೋ ಹೇಳಿದರು. ಮಾವ ಕಾರಿನ ಹತ್ತಿರ ನಿಂತೇ ನನಗೆ ಮೆಲ್ಲಗೆ ಅರ್ಥ ಹೇಳಿದರು.

"'ಆ ಇಂಡಿಯದ ಹುಡುಗಿ! ಹಗ್ಗದಲ್ಲಿ ಸೀರೆ ಒಣಗಿಸ್ತಿದ್ದವಳು! ನಿನಗೆ ಖರ್ಜೂರ ಕೊಟ್ಟು ಕಳಿಸ್ಬೇಕು ಅಂತ ಎಷ್ಟು ಸಲ ಅಂದುಕೊಂಡೆ. ಏನು ಭಾಷೆ ಮಾತಾಡುದು ಅಂತ ಗೊತ್ತಾಗದೆ ಸುಮ್ಮನಾದೆ. ಒಂದು ದಿನ ನೋಡಿದ್ರೆ ನೀವಿಲ್ಲ' ಅಂತಿದ್ದಾರೆ."

ಮುದುಕಿ ಅತ್ತೆಯ ಕೈ ಹಿಡಿದು ಒಳಗೆ ಕರೆದರು, ನನ್ನನ್ನೂ ಕರೆದರು. ಮನೆಯಲ್ಲಿ ಅವರ ಗಂಡಸರಿಲ್ಲದ ಹೊತ್ತು, ಹಾಗಾಗಿ ಮಾವ ಹೊರಗೇ ಉಳಿದರು. ಚಾಪೆ ಹಾಸಿ, ಸಣ್ಣ ಬಟ್ಟಲಲ್ಲಿ ಏಲಕ್ಕಿ ಹಾಕಿದ ಕಾಫಿ, ಖರ್ಜೂರ. ಎಲ್ಲ ಮನೆಗಳಲ್ಲೂ ಹೆಂಗಸರು ಕೇಳುವ ಪ್ರಶ್ನೆಯನ್ನೇ ಅವರೂ ಕೇಳಿದರು: ಮಕ್ಕಳೆಷ್ಟು?

ಈ ಪ್ರಶ್ನೆಗೆ ಅತ್ತೆ ತಲೆಯಾಡಿಸಿ 'ಇಲ್ಲ' ಅನ್ನುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಇವತ್ತು ಅತ್ತೆ ಒಂದು ಬೆರಳೆತ್ತಿದರು. "ಇತ್ತು," ಅಂದರು ಅರಬ್ಬಿಯಲ್ಲಿ. "ಅಲ್ಲಿ." ಮತ್ತೆ ಗೋದಾಮಿನ ಕಡೆ ಕೈ ತೋರಿಸಿದರು.

ಮುದುಕಿ ಕಾಫಿಯ ಬಟ್ಟಲು ಕೆಳಗಿಟ್ಟು, ಚಾಪೆಯ ಮೇಲೆ ಸರಿದು ಬಂದು, ಅತ್ತೆಗೆ ತಾಗಿ ಕೂತರು. ಅತ್ತೆ ಮಾತಾಡತೊಡಗಿದರು. ಇದ್ದಬದ್ದ ಅರಬ್ಬಿ ಮುಗಿದು ತುಳುವಿಗೆ ಬಂದರು. ಮುದುಕಿ ಅದಕ್ಕೂ ಹೂಂಗುಟ್ಟುತ್ತಿದ್ದರು.

ನಾನು ಎದ್ದು ಹೊರಗೆ ಬಂದೆ. ಮಾವ ಕಾರು ಬಿಟ್ಟು ಹೊಸ್ತಿಲ ತನಕ ಬಂದು, ನಮ್ಮ ಚಪ್ಪಲಿಗಳ ಪಕ್ಕದಲ್ಲಿ ಗೋಡೆಗೆ ಒರಗಿ ನಿಂತಿದ್ದರು. ಒಳಗಿನದೆಲ್ಲ ಅವರಿಗೆ ಕೇಳಿಸುತ್ತಿತ್ತು.

"ಸಂಜೆ ಆಗ್ತಾ ಬಂತು ಮಾವ. ಅತ್ತೆಯನ್ನು ಕರೀಲಾ?"

"ಬೇಡ," ಅಂದರು. "ಮಾತಾಡ್ಲಿ."